ಸ್ವಯಾರ್ಜಿತ ಯಶಸ್ಸಿನ ಋಣಭಾರ

ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಗೆ ಸಮೀಪದಲ್ಲಿರುವ ನಮ್ಮ ಶೆಟ್ಟಿಹಳ್ಳಿ ಹಿಂದೆ ಹೊಲಗದ್ದೆಗಳ ಊರಾಗಿತ್ತು, ಈಗ ಬಡಾವಣೆಗಳ ಊರು. ಇಲ್ಲಿ ನಿವೇಶನದ ವ್ಯವಹಾರ ಮಾತಾಡುವವರ ಬಾಯಲ್ಲಿ ಎರಡು ಶಬ್ದಗಳು ಸದಾ ಕೇಳಿಬರುತ್ತವೆ. ಒಂದು ಪಿತ್ರಾರ್ಜಿತ, ಇನ್ನೊಂದು ಸ್ವಯಾರ್ಜಿತ. ಹಿರಿಯರಿಂದ ಬಂದದ್ದು ಪಿತ್ರಾರ್ಜಿತ, ತಾನೇ ದುಡಿದು ಕೊಂಡದ್ದು ಸ್ವಯಾರ್ಜಿತ. ಆದರೆ ಮಾರುವವನು 'ಇದು ನನ್ನ ಸ್ವಯಾರ್ಜಿತ' ಎಂದ ಮಾತ್ರಕ್ಕೆ ಕೊಳ್ಳುವವನು ನಂಬುವುದಿಲ್ಲ. ಮೂಲಪತ್ರ ಕೇಳುತ್ತಾನೆ. ಋಣಭಾರ ಪತ್ರ ತೆಗೆಸಿ, ಯಾರ ಸಾಲ ಯಾವಾಗಿನಿಂದ ಅದರ ಮೇಲಿದೆ ಎಂದು ಪರಿಶೀಲಿಸುತ್ತಾನೆ. ವಿಚಿತ್ರವೆಂದರೆ ಮೂವತ್ತು-ನಲವತ್ತರ ಅಳತೆಯ ಒಂದು ನಿವೇಶನದ ವಿಷಯದಲ್ಲಿ ಇಷ್ಟು ಜಾಗರೂಕರಾಗಿರುವ ನಾವು, ಒಬ್ಬ ಮನುಷ್ಯನ ಇಡೀ ಬದುಕಿನ ಯಶಸ್ಸನ್ನು 'ಸ್ವಯಾರ್ಜಿತ' ಎಂದು ಯಾರಾದರೂ ಬರೆದುಕೊಟ್ಟರೆ ಏನೂ ಕೇಳದೆ ಒಪ್ಪಿಕೊಳ್ಳುತ್ತೇವೆ.

ಕನ್ನಡದ ಪುಸ್ತಕದಂಗಡಿಗಳಲ್ಲಿ ಕಳೆದ ಎರಡು ದಶಕಗಳಿಂದ ಇಂತಹ ಯಶೋಗಾಥೆಗಳು ಹೆಚ್ಚಾಗಿವೆ. ಶೂನ್ಯದಿಂದ ಶಿಖರಕ್ಕೇರಿದವರು, ಬರಿಗೈಯಲ್ಲಿ ಬಂದು ಸಾಮ್ರಾಜ್ಯ ಕಟ್ಟಿದವರು, ಛಲವೊಂದಿದ್ದರೆ ಸಾಕು ಎಂದು ಸಾರುವವರು. ಇವುಗಳ ಪೈಕಿ ಬಹುತೇಕ ವಿಮರ್ಶೆಗೆ ಯೋಗ್ಯವಲ್ಲ. ಒಂದು ಮಾತ್ರ ಗಂಭೀರವಾಗಿ ಓದಬೇಕಾದ ಪುಸ್ತಕ. ಅದು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ'. ಅದು 'ಬಾನಯಾನ' ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿದೆ. ಗೊರೂರಿನ ಶಾಲಾಮಾಸ್ತರರ ಮಗ 1997ರಲ್ಲಿ ಹೆಲಿಕಾಪ್ಟರ್ ಕಂಪನಿಯೊಂದನ್ನು ಆರಂಭಿಸಿ, ಯಲಹಂಕದ ಹಾದಿಯಲ್ಲಿರುವ ಜಕ್ಕೂರಿನ ವಿಮಾನ ಮೈದಾನದಿಂದ ಅದನ್ನು ನಡೆಸಿ, 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನಯಾನವನ್ನು ದೇಶಕ್ಕೆ ಪರಿಚಯಿಸಿದ ಕಥೆ ಅದು. ಒಂದು ರೂಪಾಯಿಯ ಟಿಕೆಟನ್ನೂ ಮಾರಿ, ವಿಮಾನವನ್ನು ದೂರದಿಂದ ನೋಡಿದ್ದವರನ್ನು ಅದರೊಳಗೆ ಕೂರಿಸಿದ ಸಾಹಸ ಸಣ್ಣದಲ್ಲ.

ಪುಸ್ತಕವನ್ನು ನಿಧಾನವಾಗಿ ಓದಿದರೆ ಅದರಲ್ಲೇ ಅದರ ಋಣಭಾರ ಪತ್ರವೂ ಇದೆ ಎಂಬುದು ತಿಳಿಯುತ್ತದೆ. ಹಳ್ಳಿಯ ಹುಡುಗ ಸರಕಾರ ನಡೆಸುವ ವಿಜಾಪುರದ ಸೈನಿಕ ಶಾಲೆಗೆ ಸೇರುತ್ತಾನೆ. ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಲ್ಲಿಂದ ಸೇನೆ. ಇಪ್ಪತ್ತರ ಹರೆಯದಲ್ಲೇ 1971ರ ಬಾಂಗ್ಲಾ ಯುದ್ಧದ ಅನುಭವ. ಸೇನೆ ಬಿಟ್ಟು ಬಂದಾಗ ಊರಿನ ಜಮೀನು ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಅದಕ್ಕೆ ಬದಲಾಗಿ ಜಾವಗಲ್ ಬಳಿ ಸರಕಾರ ಕೊಟ್ಟ ಬರಡು ಭೂಮಿ ಇದೆ. ಆ ಭೂಮಿಯಲ್ಲಿ ಅವರು ಪಟ್ಟ ಪಾಡು, ಕಟ್ಟಿದ ರೇಷ್ಮೆ ಕೃಷಿ, ಅದಕ್ಕೆ 1996ರಲ್ಲಿ ಬಂದ ರೋಲೆಕ್ಸ್ ಪ್ರಶಸ್ತಿ ಎಲ್ಲವೂ ನಿಜ. ಹೆಲಿಕಾಪ್ಟರ್ ಕಂಪನಿಗೆ ಕೈಜೋಡಿಸಿದವರು ಸೇನೆಯ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಎಂಬುದೂ ನಿಜ.

ಈಗ ಇದೇ ಕಥೆಯನ್ನು ಇನ್ನೊಂದು ಬದಿಯಿಂದ ನೋಡೋಣ. ಅಣೆಕಟ್ಟು ಕಟ್ಟಿದಾಗ ಬದಲಿ ಜಮೀನು ಕೇಳಲು ಮೊದಲು ಕಾಗದದ ಮೇಲೆ ಜಮೀನು ಇರಬೇಕು. ಮುಳುಗಿದ ಹೊಲಗಳಲ್ಲಿ ತಲೆತಲಾಂತರದಿಂದ ಕೂಲಿ ಮಾಡಿದವರ ಬಳಿ ಯಾವ ಕಾಗದ ಇತ್ತು? ಅವರೂ ಬೆವರು ಸುರಿಸಿದ್ದರು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ಕೈಯೂ ಬಾಯಿಯೂ ಒಬ್ಬರದೇ ಎಂದು ನಂಬಿಕೊಂಡಿದೆ. ನಮ್ಮ ಸಮಾಜದಲ್ಲಿ ಅನೇಕ ಸಲ ಕೆಸರಾದ ಕೈ ಒಬ್ಬರದು, ಮೊಸರು ಕಂಡ ಬಾಯಿ ಇನ್ನೊಬ್ಬರದು.

ಮತ್ತೊಂದು ಸಂಗತಿ ಕಾಲಕ್ಕೆ ಸಂಬಂಧಿಸಿದ್ದು. 1953ರ ವಾಯು ನಿಗಮಗಳ ಕಾಯ್ದೆ ಜಾರಿಯಲ್ಲಿದ್ದಷ್ಟು ಕಾಲ ದೇಶದ ನಿಗದಿತ ವಿಮಾನ ಸಂಚಾರ ಸರಕಾರದ ಕೈಯಲ್ಲಿತ್ತು. ಅದು ರದ್ದಾದದ್ದು 1994ರಲ್ಲಿ. ಇಷ್ಟೇ ಬುದ್ಧಿ, ಇಷ್ಟೇ ಧೈರ್ಯವಿದ್ದ ಮನುಷ್ಯ ಇಪ್ಪತ್ತು ವರ್ಷ ಮೊದಲು ಹುಟ್ಟಿದ್ದರೆ ವಿಮಾನದ ಕನಸು ಕನಸಾಗಿಯೇ ಉಳಿಯುತ್ತಿತ್ತು. ಇಪ್ಪತ್ತು ವರ್ಷ ತಡವಾಗಿ ಹುಟ್ಟಿದ್ದರೆ ಆ ಜಾಗದಲ್ಲಿ ಬೇರೆಯವರು ಕುಳಿತಿರುತ್ತಿದ್ದರು. ಹುಟ್ಟಿದ ದಿನಾಂಕವನ್ನು ಯಾರೂ ದುಡಿದು ಪಡೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಸೋಲಿಗೆ ಸಂಬಂಧಿಸಿದ್ದು. ಗೋಪಿನಾಥ್ ಅವರು ಹಲವು ಕಸುಬುಗಳಿಗೆ ಕೈಹಾಕಿದರು. ಕೆಲವು ಕೈಹಿಡಿದವು, ಕೆಲವು ಕೈಬಿಟ್ಟವು. ಕೊನೆಗೆ ಏರ್ ಡೆಕ್ಕನ್ ಕೂಡ 2007ರಲ್ಲಿ ಕಿಂಗ್‌ಫಿಷರ್ ಒಡೆಯರ ಹಿಡಿತಕ್ಕೆ ಹೋಗಿ ಮರುವರ್ಷ ಹೆಸರನ್ನೇ ಕಳೆದುಕೊಂಡಿತು. ಇಷ್ಟು ಸಲ ಬಿದ್ದು ಎದ್ದವರನ್ನು ಕಂಡು ನಾವು ಅವರ ಛಲವನ್ನು ಹೊಗಳುತ್ತೇವೆ. ಹೊಗಳಬೇಕಾದದ್ದೇ. ಆದರೆ ಬಿದ್ದಾಗ ಕೆಳಗೆ ನೆಲ ಇತ್ತು ಎಂಬುದನ್ನೂ ಹೇಳಬೇಕು. ಓದು, ಸೇನೆಯ ಗೆಳೆತನ, ಇಂಗ್ಲಿಷು, ಬ್ಯಾಂಕಿನವರು ಕುರ್ಚಿ ಕೊಟ್ಟು ಮಾತಾಡಿಸುವ ಸ್ಥಾನ, ಇವು ಆ ನೆಲ. ಪೀಣ್ಯದಲ್ಲಿ ಒಂದು ಲೇತ್ ಯಂತ್ರವನ್ನು ಬಡ್ಡಿಸಾಲದಲ್ಲಿ ತಂದು ಕೆಲಸ ಶುರುಮಾಡಿದವನು ಒಂದೇ ಸಲ ಸೋತರೆ ಮಗಳ ಶಾಲೆ ನಿಲ್ಲುತ್ತದೆ, ಹೆಂಡತಿಯ ಬಳೆ ಗಿರವಿ ಅಂಗಡಿಯಿಂದ ಹಿಂದಿರುಗುವುದಿಲ್ಲ. ಅವನಲ್ಲಿ ಛಲ ಕಡಿಮೆ ಎಂದು ಯಾರು ಹೇಳಬಲ್ಲರು? ಸವಲತ್ತು ಎಂದರೆ ಏರಲು ಸಿಗುವ ಏಣಿ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಎರಡನೇ ಸಲ ಸೋಲಲು ಸಿಗುವ ಅನುಮತಿಯೂ ಸವಲತ್ತೇ.

ಈ ಬದುಕಿನಿಂದ ಪ್ರೇರಣೆ ಪಡೆದು ಸುಧಾ ಕೊಂಗರ ಅವರು 2020ರಲ್ಲಿ 'ಸೂರರೈ ಪೋಟ್ರು' ಎಂಬ ತಮಿಳು ಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಚಿತ್ರದಲ್ಲಿ ಗೊರೂರಿನ ಅಯ್ಯಂಗಾರ್ ಮನೆತನದ ಹುಡುಗ ತಮಿಳುನಾಡಿನ ಹಳ್ಳಿಯ, ಮೇಲ್ಜಾತಿಗೆ ಸೇರದ, ಪೆರಿಯಾರ್ ವಿಚಾರದ ಯುವಕನಾಗಿ ಬದಲಾಗಿದ್ದಾನೆ. ಸಾಯುತ್ತಿರುವ ತಂದೆಯನ್ನು ನೋಡಲು ವಿಮಾನದ ಟಿಕೆಟಿಗೆ ದುಡ್ಡು ಸಾಲದೆ ನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಕೈಚಾಚುತ್ತಾನೆ. ದೃಶ್ಯ ಮನಕಲಕುತ್ತದೆ. ಕೆಳಗಿನವನೂ ಹಾರಬೇಕೆಂಬ ನಿರ್ದೇಶಕಿಯ ಆಶಯವನ್ನು ನಾವು ಗೌರವಿಸುತ್ತೇವೆ. ಆದರೆ ಇಲ್ಲೊಂದು ಅಪಾಯವಿದೆ. ನೆಲವಿದ್ದವನ ಹಾರಾಟವನ್ನು ನೆಲವಿಲ್ಲದವನ ಹೆಸರಿನಲ್ಲಿ ತೋರಿಸಿದಾಗ, ನೋಡುವವನು ನೆಲದ ಅಗತ್ಯವೇ ಇಲ್ಲ ಎಂಬ ಪಾಠ ಕಲಿತು ಹೊರಬರುತ್ತಾನೆ. ಹಾಗೆ ಹಾರಲಾಗದಿದ್ದರೆ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ಬಡವನನ್ನು ನಾಯಕನನ್ನಾಗಿ ಮಾಡಿದ ಕಥೆ ಕೊನೆಗೆ ಬಡವನ ಮೇಲೆಯೇ ಆರೋಪ ಹೊರಿಸಿದಂತಾಗುತ್ತದೆ.

ಇದನ್ನು ಒಬ್ಬರ ಬದುಕಿನ ಮಾತೆಂದು ತಿಳಿಯಬಾರದು. ನಮ್ಮ ನೆರೆಯ ಜಾಲಹಳ್ಳಿಯನ್ನೇ ನೋಡಿ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆ ಬಂತು. ಗೇಟಿನ ಒಳಗೆ ಕೆಲಸ ಸಿಕ್ಕಿದ ಮನೆಗೆ ತಿಂಗಳ ಸಂಬಳ, ವಸತಿ, ಆಸ್ಪತ್ರೆ, ಮಕ್ಕಳಿಗೆ ಶಾಲೆ ಎಲ್ಲವೂ ಬಂದವು. ಅವರ ಮಕ್ಕಳು ಎಂಜಿನಿಯರುಗಳಾದರು, ಮೊಮ್ಮಕ್ಕಳು ಅಮೆರಿಕೆಗೂ ಹೋದರು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ, ಸರಕಾರಿ ಕಾರ್ಖಾನೆಗಳು ದೇಶಕ್ಕೆ ಹೊರೆ ಎಂದವರಲ್ಲಿ ಅಂತಹ ಮನೆಗಳಿಂದ ಬಂದವರೂ ಇದ್ದರು. ತಾವು ಮೇಲೆ ಬಂದದ್ದು ಸ್ವಂತ ಪ್ರತಿಭೆಯಿಂದ ಎಂಬುದು ಅವರ ಪ್ರಾಮಾಣಿಕ ನಂಬಿಕೆ. ಅಪ್ಪನ ಕಾರ್ಖಾನೆಯ ಸೈರನ್ ಅವರ ಕಥೆಯಲ್ಲಿ ಎಲ್ಲೂ ಕೇಳಿಸುವುದಿಲ್ಲ.

ಅದೃಷ್ಟ ಎಂಬ ಶಬ್ದಕ್ಕೆ ಕಾಣದ್ದು ಎಂದೇ ಅರ್ಥ. ಆದರೆ ನಮ್ಮ ಕಾಲದಲ್ಲಿ ಅದೃಷ್ಟ ಕಣ್ಣಿಗೆ ಕಾಣುವಂತೆಯೇ ಕೆಲಸ ಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕಾಗಿತ್ತು. ಕರ್ನಾಟಕದಲ್ಲಿ 2012ರಿಂದ ಇದು ಜಾರಿಗೆ ಬಂದು, ಅರ್ಜಿಗಳು ಹೆಚ್ಚಿದಾಗ ಲಾಟರಿ ಎತ್ತಿ ಸೀಟು ಹಂಚಲಾಯಿತು. ಒಂದೇ ವಠಾರದ ಇಬ್ಬರು ಮಕ್ಕಳಲ್ಲಿ ಒಬ್ಬಳ ಹೆಸರು ಬಂತು, ಇನ್ನೊಬ್ಬಳದು ಬರಲಿಲ್ಲ. 2018ರ ಕೊನೆಯಲ್ಲಿ ನಿಯಮವನ್ನೇ ಬದಲಿಸಿ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದಾಯಿತು. ಆಗ ಆ ಲಾಟರಿಯ ಅದೃಷ್ಟವೂ ಬಹುಮಟ್ಟಿಗೆ ಮುಗಿಯಿತು. ಹೆಸರು ಬಂದ ಹುಡುಗಿ ನಾಳೆ ವೈದ್ಯೆಯಾಗಿ ತನ್ನ ಯಶಸ್ಸಿನ ಕಥೆ ಹೇಳುವಾಗ ಆ ಚೀಟಿಯನ್ನು ನೆನೆಯುವಳೇ? ನೆನೆಯದಿದ್ದರೆ ಅವಳ ಶ್ರಮ ಸುಳ್ಳಾಗುವುದಿಲ್ಲ, ಆದರೆ ಚೀಟಿ ಬಾರದವಳು ಸೋಮಾರಿಯಾಗಿಬಿಡುತ್ತಾಳೆ.

ಕನ್ನಡದಲ್ಲಿ ಈ ಲೆಕ್ಕವನ್ನು ಸರಿಯಾಗಿ ಬರೆದವರಿಲ್ಲವೆ ಎಂದು ಕೇಳಿದರೆ, ಇದ್ದಾರೆ. ಡಾ. ಸಿದ್ದಲಿಂಗಯ್ಯನವರ 'ಊರುಕೇರಿ' ನಮಗೆ ಮೊದಲು ನೆನಪಾಗುತ್ತದೆ. ನೊಗಕ್ಕೆ ಹೆಗಲು ಕೊಟ್ಟು ಎತ್ತಿನ ಜಾಗದಲ್ಲಿ ಉಳುತ್ತಿರುವವರಲ್ಲಿ ತನ್ನ ತಂದೆಯೂ ಒಬ್ಬ ಎಂದು ಬಾಲಕ ಕಾಣುವ ದೃಶ್ಯದ ಆ ಪುಸ್ತಕ, ಅಲ್ಲಿಂದ ವಿಶ್ವವಿದ್ಯಾಲಯದವರೆಗಿನ ಹಾದಿಯನ್ನು ಹೇಳುತ್ತದೆ. ಬೇರೆಯವರ ಕೈಯಲ್ಲಿ ಇದು ಅಪ್ಪಟ ಶೂನ್ಯದಿಂದ ಶಿಖರದ ಕಥೆಯಾಗಿಬಿಡುತ್ತಿತ್ತು. ಸಿದ್ದಲಿಂಗಯ್ಯನವರು ಹಾಗೆ ಮಾಡಲಿಲ್ಲ. ಪುಟಪುಟದಲ್ಲೂ ಜನ ಇದ್ದಾರೆ. ಶ್ರೀರಾಂಪುರದ ನೆರೆಯವರು, ವಿದ್ಯಾರ್ಥಿನಿಲಯದ ಗೆಳೆಯರು, ಮೇಷ್ಟ್ರುಗಳು, ಚಳವಳಿಯ ಸಂಗಾತಿಗಳು. ತನ್ನನ್ನು ನೋಡಿ ತಾನೇ ನಗುವ ಗುಣ ಅವರಿಗಿತ್ತು. ಸ್ವಯಾರ್ಜಿತದ ಗರ್ವ ಇರುವವನಿಗೆ ಹಾಗೆ ನಗಲು ಬರುವುದಿಲ್ಲ. ಸರಕಾರಿ ಹಾಸ್ಟೆಲಿನ ಅನ್ನಕ್ಕೆ ಆ ಪುಸ್ತಕದಲ್ಲಿ ಸಿಕ್ಕ ಜಾಗ ನಮ್ಮ ಯಾವ ಉದ್ಯಮಿಯ ಕಥೆಯಲ್ಲೂ ಬ್ಯಾಂಕಿನ ಸಾಲಕ್ಕೆ ಸಿಕ್ಕಿಲ್ಲ.

ನಮ್ಮ ಸಮುದಾಯದ ವಿಷಯಕ್ಕೂ ಬರಬೇಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕಥೆ ಬರೆಯುವ ನಮಗೆಲ್ಲ ಹಬ್ಬವಾಯಿತು. ಜೊತೆಗೇ ಒಂದು ಮಾತು ನಮ್ಮ ಸಭೆಗಳಲ್ಲಿ ಕೇಳಿಬರತೊಡಗಿತು. 'ನೋಡಿ, ಕಷ್ಟಪಟ್ಟರೆ ಯಾರು ಬೇಕಾದರೂ ಮುಟ್ಟಬಹುದು.' ಬಾನು ಅವರೇ ಹೇಳಿಕೊಂಡ ಸಂಗತಿ ಬೇರೆ ಇದೆ. ಎಂಟನೇ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬುದು ಶಾಲೆಯ ಷರತ್ತು. ಕೆಲವೇ ದಿನಗಳಲ್ಲಿ ಕಲಿತದ್ದು ಹುಡುಗಿಯ ಪ್ರತಿಭೆ. ಆದರೆ ಆ ಬಾಗಿಲವರೆಗೆ ಕೈಹಿಡಿದು ಕರೆದುಕೊಂಡು ಹೋದದ್ದು ತಂದೆ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ದಾಟಿದ ನಮ್ಮಂತಹವರಿಗೆ ಆ ಬಾಗಿಲಿನ ಬೆಲೆ ಗೊತ್ತು. ನಮ್ಮ ತರಗತಿಯಲ್ಲಿ ನಮಗಿಂತ ಚೆನ್ನಾಗಿ ಗಝಲ್ ಹೇಳುತ್ತಿದ್ದ, ನಮಗಿಂತ ಬೇಗ ಲೆಕ್ಕ ಬಿಡಿಸುತ್ತಿದ್ದ ಹುಡುಗರು ಏಳನೆಯ ತರಗತಿಗೇ ಬೀಡಿಯ ಮೊರಕ್ಕೆ, ಗ್ಯಾರೇಜಿನ ಪಾನಕ್ಕೆ ಹೋದರು.

ಸಾರಾ ಅಬೂಬಕ್ಕರ್ ಅವರ ಬದುಕು ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ. ಕಾಸರಗೋಡಿನ ತಮ್ಮ ಸಮುದಾಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು, ಏಕೆಂದರೆ ತಂದೆ ಓದಿಸಿದರು. ಮುಂದಿನ ಓದಿನ ಬಾಗಿಲು ಮುಚ್ಚಿತ್ತು. ಅದೇ ಹುಡುಗಿ, ಅದೇ ಬುದ್ಧಿ. ಒಂದು ಬಾಗಿಲು ತೆರೆದಿತ್ತು, ಇನ್ನೊಂದು ತೆರೆಯಲಿಲ್ಲ. 'ಚಂದ್ರಗಿರಿಯ ತೀರದಲ್ಲಿ' ಬರೆದ ಲೇಖಕಿಗೂ ಹೀಗಾಗಿದ್ದರೆ, ಒಂದೂ ಬಾಗಿಲು ತೆರೆಯದವರಲ್ಲಿ ಎಷ್ಟು ಕಾದಂಬರಿಗಳು ಉಳಿದುಹೋದವೋ! 2006ರ ಸಾಚಾರ್ ಸಮಿತಿಯ ವರದಿ ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3 ಮಾತ್ರ ಎಂದು ತೋರಿಸಿತ್ತು. ಛಲದಲ್ಲಿ ಅಷ್ಟು ವ್ಯತ್ಯಾಸ ಇರಲು ಸಾಧ್ಯವೆ? ಆ ಸಮಿತಿ ಸಮಾನ ಅವಕಾಶ ಆಯೋಗವೊಂದು ಬೇಕೆಂದು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ಬೂಕರ್‌ನ ಒಬ್ಬ ಬಾನು ಅವರನ್ನು ಮುಂದಿಟ್ಟು ಆ ಶೇ. 3ನ್ನು ಮರೆಸುವುದು ಅವರ ಕಥೆಗಳಿಗೇ ಮಾಡುವ ಅನ್ಯಾಯ. ಅವರು ಬರೆದದ್ದು ಬಾಗಿಲು ತೆರೆಯದ ಹೆಂಗಸರನ್ನು ಕುರಿತೇ. ಆ ಪ್ರಶಸ್ತಿಯ 50,000 ಪೌಂಡ್ ಹಣವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಲಾಯಿತು ಎಂಬುದನ್ನೂ ಗಮನಿಸಬೇಕು. ಒಂದು ಪುಸ್ತಕದ ಗೆಲುವಿನಲ್ಲಿ ಎರಡು ಕೈಗಳನ್ನು ಎಣಿಸಿದ ಅಪರೂಪದ ಲೆಕ್ಕ ಅದು.

ಹಾಗಾದರೆ ಎಲ್ಲವೂ ಅದೃಷ್ಟವೇ, ಶ್ರಮಕ್ಕೆ ಬೆಲೆಯಿಲ್ಲವೆ ಎಂಬ ಆಕ್ಷೇಪ ಬರುತ್ತದೆ. ಇದು ಹಗುರವಾದ ಆಕ್ಷೇಪವಲ್ಲ. ಎಲ್ಲವೂ ಹಣೆಬರಹ ಎಂದು ಕೈಕಟ್ಟಿ ಕೂರುವ ರೋಗ ನಮ್ಮ ಮೊಹಲ್ಲಾಗಳಲ್ಲೂ ಇದೆ. ಉರ್ದುವಿನಲ್ಲಿ ತಕ್ದೀರ್ ಮತ್ತು ತದ್ಬೀರ್ ಎಂಬ ಜೋಡಿ ಶಬ್ದಗಳಿವೆ. ಒಂದು ವಿಧಿ, ಇನ್ನೊಂದು ಪ್ರಯತ್ನ. ಹಿರಿಯರು ಇವನ್ನು ಒಟ್ಟಿಗೇ ಹೇಳಿದರು, ಒಂದರಿಂದ ಇನ್ನೊಂದನ್ನು ಅಳಿಸಲಿಲ್ಲ. ಕುರ್‌ಆನ್ ಹೇಳುವ ಕಾರೂನನ ವೃತ್ತಾಂತ ನಮ್ಮ ಓದುಗರಿಗೆ ಹೊಸತಲ್ಲ. ಅವನ ತಪ್ಪು ಸಂಪತ್ತು ಗಳಿಸಿದ್ದಷ್ಟೇ ಆಗಿರಲಿಲ್ಲ, ಅದೆಲ್ಲ ತನ್ನ ಸ್ವಂತ ಜ್ಞಾನದಿಂದಲೇ ಬಂತು ಎಂದು ಹೇಳಿಕೊಂಡದ್ದಾಗಿತ್ತು. ಪ್ರತಿಭೆಗೆ ತಕ್ಕ ಸ್ಥಾನ ಎಂಬ ಇಂದಿನ ಮಂತ್ರಕ್ಕೆ ಇಂಗ್ಲಿಷಿನಲ್ಲಿ ಬಳಕೆಗೆ ಬಂದ 'ಮೆರಿಟೋಕ್ರಸಿ' ಎಂಬ ಶಬ್ದವನ್ನು ಜನಪ್ರಿಯಗೊಳಿಸಿದ ಮೈಕೆಲ್ ಯಂಗ್ 1958ರಲ್ಲಿ ಅದನ್ನು ವಿಡಂಬನೆಯಾಗಿಯೇ ಬಳಸಿದ್ದರು. ಗೆದ್ದವರು ತಾವು ಗೆಲ್ಲಲು ಅರ್ಹರೆಂದು ನಂಬಿದ ದಿನ ಸೋತವರ ಬಗ್ಗೆ ಕರುಣೆ ಉಳಿಯುವುದಿಲ್ಲ ಎಂಬುದು ಅವರ ಎಚ್ಚರಿಕೆಯಾಗಿತ್ತು. ಲೋಕ ಎಚ್ಚರಿಕೆಯನ್ನು ಬಿಟ್ಟು ಶಬ್ದವನ್ನಷ್ಟೇ ಎತ್ತಿಕೊಂಡಿತು.

ಆದ್ದರಿಂದ ಯಶಸ್ಸಿನ ಕಥೆಗಳನ್ನು ಬರೆಯಬಾರದೆಂದು ನಾವು ಹೇಳುವುದಿಲ್ಲ. ಅವುಗಳನ್ನು ಓದುವಾಗ ಮೂರು ಪ್ರಶ್ನೆ ಕೇಳೋಣ. ಈತ ಹೊರಟಾಗ ಯಾವ ಬಾಗಿಲುಗಳು ಆಗಲೇ ತೆರೆದಿದ್ದವು? ಬಿದ್ದಾಗ ಕೆಳಗೆ ಯಾವ ನೆಲ ಇತ್ತು? ಇದೇ ಶ್ರಮ ಪಟ್ಟು ಇಲ್ಲಿಗೆ ತಲುಪದವರು ಪುಸ್ತಕದ ಯಾವ ಪುಟದಲ್ಲಿದ್ದಾರೆ? 'ಬಾನಯಾನ' ಮೊದಲ ಪ್ರಶ್ನೆಗೆ ಸಾಕಷ್ಟು ಪ್ರಾಮಾಣಿಕವಾಗಿ ಉತ್ತರಿಸುತ್ತದೆ, ಎರಡನೆಯದಕ್ಕೆ ಅರ್ಧ ಉತ್ತರಿಸುತ್ತದೆ. 'ಊರುಕೇರಿ' ಮೂರಕ್ಕೂ ಉತ್ತರಿಸುತ್ತದೆ. ಉಳಿದ ಯಶೋಗಾಥೆಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗಳ ಹತ್ತಿರವೂ ಸುಳಿಯುವುದಿಲ್ಲ. ಮಕ್ಕಳ ಕೈಗೆ ಅಂತಹ ಪುಸ್ತಕ ಕೊಡುವ ಮುಂಚೆ, ಅವರ ಶಾಲೆಯ ಬಾಗಿಲು ಇನ್ನೂ ಯಾರ್‍ಯಾರಿಗೆ ಮುಚ್ಚಿದೆ ಎಂದು ಅವರಿಗೆ ತೋರಿಸುವುದು ಹೆಚ್ಚು ಉಪಯುಕ್ತ.