ಓದಿದ ಮೇಲೆ ಹೋದ ಮಾತು

ಕಲಾ ವಿಭಾಗದ ಪದವೀಧರನಿಗೆ ನಾಲ್ಕು ಜನರೆದುರು ಮಾತನಾಡಲು ಬಾರದು, ಸ್ವಂತವಾಗಿ ಒಂದು ಪುಟ ಬರೆಯಲು ಬಾರದು ಎಂಬ ದೂರು ಈಗ ಎಲ್ಲೆಡೆಯೂ ಕೇಳಿಬರುತ್ತದೆ. ಇದಕ್ಕೆ ಮದ್ದೆಂದು ‘ಸಂವಹನ ಕೌಶಲ’ವೆಂಬ ಬೇರೊಂದು ಪಾಠವನ್ನು ಪದವಿಗೆ ಅಂಟಿಸುವುದೂ ಉಂಟು. ದೂರು ನಿಜ, ಮದ್ದಿನ ವಿಷಯದಲ್ಲಿ ಮಾತ್ರ ನನಗೆ ಸಂದೇಹವಿದೆ. ಸಾಹಿತ್ಯ, ಇತಿಹಾಸ, ತರ್ಕಗಳನ್ನು ಮೂರು ವರ್ಷ ಓದಿದವನಿಗೆ ಮಾತನ್ನು ಬೇರೆಯಾಗಿ ಕಲಿಸಬೇಕಾದರೆ, ಆ ಓದಿನಲ್ಲಿ ಅವನು ಪಡೆದುದಾದರೂ ಏನು? ಯುರೋಪಿನ ಹಳೆಯ ವಿದ್ಯಾಪೀಠಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ ಇವು ಮೂರೇ ಕಲಾಶಿಕ್ಷಣದ ಮೊದಲ ಮೆಟ್ಟಿಲಾಗಿದ್ದವು. ಅಲ್ಲಿ ಮಾತು ಓದಿನಿಂದ ಹೊರಗಿರಲಿಲ್ಲ.

ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಬಿ.ಎ. ತರಗತಿಯವರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಬಾಗಲಕೋಟೆ, ಹುನಗುಂದ, ಇಳಕಲ್ಲ ಕಡೆಯ ಮಕ್ಕಳು. ಹಲವರು ತಮ್ಮ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು, ನಮಗೆ ದೊರೆತ ಅತಿ ಹಳೆಯ ಕನ್ನಡ ತ್ರಿಪದಿಗಳು ಅದರಲ್ಲಿವೆ. ಪದ್ಯಗಳ ಅರ್ಥವನ್ನು ಬಿಡಿಸಿ ಹೇಳಿ, ಇದರ ವೈಶಿಷ್ಟ್ಯವೇನೆಂದು ಕೇಳಿದೆ. ಕಾಲ, ಛಂದಸ್ಸು, ಮಹತ್ತ್ವ ಎಲ್ಲವನ್ನೂ ಹತ್ತು ಬಾಯಿಗಳು ಒಂದೇ ಮಾತಿನಲ್ಲಿ ಒಪ್ಪಿಸಿದವು. ಆ ಮಾತು ನಾನೇ ಬರೆಸಿದ ಟಿಪ್ಪಣಿಯದು. ‘ಹಾಗಾದರೆ ಈ ಅರಭಟ್ಟ ಎಂಥ ಮನುಷ್ಯ?’ ಎಂದೆ. ಎಲ್ಲರೂ ಸುಮ್ಮನಾದರು, ಟಿಪ್ಪಣಿಯಲ್ಲಿ ಅದು ಇರಲಿಲ್ಲ.

ಕಡೆಗೆ ಇಳಕಲ್ಲ ನೇಕಾರರ ಮನೆಯ ಹುಡುಗಿಯೊಬ್ಬಳು, ‘ಇಂವಾ ಸೊಕ್ಕಿನ ಮನಿಷ್ಯಾ ಅಲ್ರಿ ಸರ್. ಆದ್ರ ಕೆಣಕಿದ್ರ ಬಿಡಾಂವನೂ ಅಲ್ಲ. ನಮ್ಮ ಓಣ್ಯಾಗೂ ಇಂಥವ್ರು ಅದಾರ್ರಿ’ ಎಂದಳು. ಉಳಿದವರು ನಕ್ಕರು. ನಾನು, ‘ಶುದ್ಧ ಕನ್ನಡದಲ್ಲಿ ಹೇಳು’ ಎಂದೆ. ಆಕೆ ಮತ್ತೆ ಬಾಯಿ ತೆರೆಯಲಿಲ್ಲ. ಒಳ್ಳೆಯವರಿಗೆ ಒಳ್ಳೆಯವನೂ ಕೆಡುಕರಿಗೆ ಕಠಿಣನೂ ಆದ ಒಬ್ಬನ ಸ್ವಭಾವವೇ ಆ ಶಾಸನದ ತಿರುಳು. ಅದನ್ನು ಹಿಡಿದವಳು ಆಕೆಯೊಬ್ಬಳೇ. ಆಕೆಯನ್ನೇ ನಾನು ಸುಮ್ಮನಾಗಿಸಿದೆ.

ಅದೇ ದಿನ ಹುನಗುಂದ ತಾಲೂಕಿನ ಐಹೊಳೆಗೂ ಹೋದೆವು. ಅಲ್ಲಿಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಕ್ರಿ.ಶ. 634ರಲ್ಲಿ ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಸಂಸ್ಕೃತದಲ್ಲಿ ಕೀರ್ತಿಸಿ, ತಾನು ಕಾಳಿದಾಸ ಭಾರವಿಗಳಿಗೆ ಸಮನಾದ ಕೀರ್ತಿ ಪಡೆದವನೆಂದು ಹೇಳಿಕೊಂಡಿದ್ದಾನೆ. ಅದು ಆಸ್ಥಾನದಲ್ಲಿ ಪಳಗಿದ ಕೈ. ಬಾದಾಮಿಯ ತ್ರಿಪದಿಕಾರನ ಹೆಸರು ಕೂಡ ನಮಗೆ ತಿಳಿಯದು. ಅವನು ಅರಸನ ಗೆಲುವನ್ನು ಹಾಡದೆ ಮನುಷ್ಯನೊಬ್ಬನ ಗುಣವನ್ನು ತೂಗಿದ. ಇಬ್ಬರನ್ನೂ ಎದುರುಬದುರಿಟ್ಟು, ಯಾರ ಮಾತು ಏಕೆ ನಾಟುತ್ತದೆಂದು ಮಕ್ಕಳು ವಾದಿಸಬೇಕು. ಮಾತು, ಬರಹ, ವಿಮರ್ಶೆ ಮೂರೂ ಹುಟ್ಟುವುದು ಅಲ್ಲಿಯೇ. ನಮ್ಮ ಪ್ರಶ್ನಪತ್ರಿಕೆಗಾದರೋ ಇಬ್ಬರೂ ಒಂದೊಂದು ಇಸವಿ, ಅಷ್ಟೇ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲನ್ನು ಹೆಸರಿಸುತ್ತದೆ, ಅದೇ ಬಾದಾಮಿ ತಾಲೂಕಿನ ಇಂದಿನ ಪಟ್ಟದಕಲ್ಲು. ಕನ್ನಡದ ಜನ ಓದದೆಯೂ ಕಾವ್ಯದಲ್ಲಿ ನುರಿತವರೆಂದು ಅದೇ ಗ್ರಂಥ ಮೆಚ್ಚಿ ನುಡಿಯುತ್ತದೆ. ಓದದೆಯೂ ಬರುತ್ತಿದ್ದ ಮಾತು ಓದಿದ ಮೇಲೆ ಹೋಗುವುದಾದರೆ ತಪ್ಪು ಯಾರದು? ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಆಟ ನೋಡಿದ ಹುಡುಗ ಬೆಳಗಿನ ತನಕ ಅದರ ಗುಣದೋಷಗಳನ್ನು ಆಡುತ್ತಾನೆ. ಕಂದಗಲ್ಲ ಹಣಮಂತರಾಯರನ್ನೂ ಪಿ. ಬಿ. ಧುತ್ತರಗಿಯವರನ್ನೂ ರಂಗಭೂಮಿಗೆ ಕೊಟ್ಟ ನೆಲವಿದು. ಆದರೆ ಅದೇ ಹುಡುಗ ತರಗತಿಗೆ ಬಂದೊಡನೆ ಮೂಕನಾಗುತ್ತಾನೆ.

ಓಣಿಯ ಮಾತಿನಿಂದ ನೌಕರಿ ದೊರೆಯದು, ಗ್ರಂಥಭಾಷೆಯೂ ಇಂಗ್ಲಿಷೂ ಬೇಕೇ ಬೇಕೆಂದು ಯಾರಾದರೂ ಹೇಳಿಯಾರು. ನಾನೂ ಒಪ್ಪುತ್ತೇನೆ. ಆದರೆ ಇಳಕಲ್ಲ ಸೀರೆಯನ್ನು ನೋಡಿರಿ: ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲನ್ನು ಬಿಸುಟು ಸೆರಗನ್ನಷ್ಟೇ ಕೊಟ್ಟರೆ ಉಡುವುದು ಹೇಗೆ? ವಾರಕ್ಕೊಂದು ಪುಟ, ತಾವು ಕಂಡ ಮಗ್ಗವನ್ನೋ ಸಂತೆಯನ್ನೋ ಗುಡಿಯನ್ನೋ ಕುರಿತು ಮಕ್ಕಳು ತಮ್ಮ ಮಾತಿನಲ್ಲಿಯೇ ಬರೆಯಲಿ, ತರಗತಿಯಲ್ಲಿ ಓದಲಿ, ಗೆಳೆಯರ ಪ್ರಶ್ನೆಗಳಿಗೆ ಉತ್ತರ ಕೊಡಲಿ, ಆಮೇಲೆ ಅದನ್ನೇ ಗ್ರಂಥಭಾಷೆಯಲ್ಲಿ ತಿದ್ದಿ ಬರೆಯಲಿ. ಅರವತ್ತು ವಹಿಗಳನ್ನು ನೋಡುವುದು ಅಧ್ಯಾಪಕನಿಗೆ ಸುಲಭವಲ್ಲ. ಪರೀಕ್ಷೆಯೂ ಅದಕ್ಕೆ ಗುಣ ಕೊಡಬೇಕಾಗುತ್ತದೆ. ಅಷ್ಟು ಮಾಡದೆ ಹೊಸದೊಂದು ಪಾಠವನ್ನು ಸೇರಿಸಿದರೆ ಇನ್ನೊಂದು ಟಿಪ್ಪಣಿ ಹುಟ್ಟೀತು, ಅಷ್ಟೇ.

ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಲ್ಲಿ ಹುಟ್ಟಿತು. ಅಂಥ ಸಂಘಗಳ ದುಡಿಮೆಯಿಂದ ಒಕ್ಕಲಿಗರ, ನೇಕಾರರ ಮಕ್ಕಳ ಮನೆಬಾಗಿಲಿಗೆ ಕಾಲೇಜು ಬಂದಿದೆ. ಬಂದ ಮಕ್ಕಳ ಮಾತನ್ನು ಉಳಿಸುವ ಹೊಣೆ ನಮ್ಮದು. ಆ ದಿನ ಬಂಡೆಯ ಎದುರಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ: ‘ಮುಂದ ಹೇಳವ್ವಾ.’