ಅರಸನು ಬರೆದ ದಾರಿ: ವರ್ಸೇಲ್ಸ್ ಉದ್ಯಾನದರ್ಶನ

ಪ್ಯಾರಿಸ್ಸಿಗೆ ನೈಋತ್ಯದಲ್ಲಿ ಸುಮಾರು 20 ಕಿಲೋಮೀಟರು ದೂರದ ವರ್ಸೇಲ್ಸ್ ಅರಮನೆಗೆ ಬೆಳಗ್ಗೆ ಹೋಗಿ ಸಂಜೆ ಹಿಂದಿರುಗುವ ಪ್ರವಾಸಿಗಳು ಅಸಂಖ್ಯರು. ಆ ಉದ್ಯಾನವನ್ನು ನೋಡಬೇಕಾದ ಕ್ರಮವನ್ನು ಅದರ ಒಡೆಯನೇ ಬರೆದಿಟ್ಟಿರುವನೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಹದಿನಾಲ್ಕನೆಯ ಲೂಯಿ 1689ರಿಂದ 1705ರವರೆಗೆ ಹಲವು ಬಾರಿ ತಿದ್ದಿ ಸಿದ್ಧಗೊಳಿಸಿದ ‘ವರ್ಸೇಲ್ಸ್ ಉದ್ಯಾನಗಳನ್ನು ತೋರಿಸುವ ರೀತಿ’ ಎಂಬ ಕಿರುಬರಹವೇ ಅದು.

ಈ ಬರಹದಲ್ಲಿ ಅಲಂಕಾರವಿಲ್ಲ, ವರ್ಣನೆಯೂ ಅತ್ಯಲ್ಪ. ಇಲ್ಲಿಗೆ ಹೋಗಬೇಕು, ಅಲ್ಲಿ ತಿರುಗಬೇಕು, ನಿಂತು ನೋಡಬೇಕು ಎಂಬ ವಿಧಿವಾಕ್ಯಗಳೇ ಅದರ ಸರ್ವಸ್ವ. ಆದರೆ ಈ ಶುಷ್ಕತೆಯನ್ನು ದೋಷವೆಂದು ಎಣಿಸುವುದು ಯುಕ್ತವಲ್ಲ. ಹೊಗಳಿಕೆಯನ್ನು ಬೇಡುವವನು ವರ್ಣಿಸುತ್ತಾನೆ; ಹೊಗಳಿಕೆ ಬಂದೇ ತೀರುವುದೆಂದು ನಂಬಿದವನು ದಾರಿಯನ್ನಷ್ಟೇ ತೋರಿಸುತ್ತಾನೆ. ನೋಡುವವನ ಕಾಲನ್ನಲ್ಲದೆ ಕಣ್ಣನ್ನೂ ಆಳಬೇಕೆಂಬ ಹಂಬಲ ಇಲ್ಲಿಯ ಸಾಲುಸಾಲಿನಲ್ಲಿಯೂ ಸ್ಪಷ್ಟವಾಗಿದೆ. 1661ರಿಂದ ಲ ನೋತ್ರ್ ಎಂಬ ಶಿಲ್ಪಿ ನೆಲದ ಮೇಲೆ ಎಳೆದ ಸರಳರೇಖೆಗಳನ್ನೇ ಅರಸನು ಮಾತಿನಲ್ಲಿ ಮತ್ತೆ ಎಳೆದಿದ್ದಾನೆ.

ಈ ಬರಹದ ಮೌನವೇ ಹೆಚ್ಚು ವಿಚಾರಾರ್ಹವಾದುದು. ಕಾರಂಜಿಗಳನ್ನು ನೋಡೆನ್ನುವ ಅರಸನು ನೀರು ಎಲ್ಲಿಂದ ಬಂದಿತೆಂಬುದನ್ನು ಹೇಳುವುದಿಲ್ಲ. ವರ್ಸೇಲ್ಸಿನಲ್ಲಿ ನೀರಿಗೆ ಸದಾ ಬರ. ಸೇನ್ ನದಿಯ ನೀರನ್ನು 150 ಮೀಟರಿಗೂ ಮೇಲಕ್ಕೆ ಎತ್ತಲು ಮಾರ್ಲಿಯಲ್ಲಿ 1684ರಲ್ಲಿ 14 ಚಕ್ರಗಳ ಯಂತ್ರ ನಿಂತಿತು, ಅದೂ ಸಾಲಲಿಲ್ಲ. ಯೂರ್ ನದಿಯನ್ನು ತಿರುಗಿಸುವ ಕಾಲುವೆಗೆ 1685ರಲ್ಲಿ ಸಾವಿರಾರು ಸೈನಿಕರನ್ನು ದುಡಿಸಲಾಯಿತು. ಜ್ವರದಿಂದ ಅನೇಕರು ಮಡಿದರು. ಯುದ್ಧ ಒದಗಿ ಕೆಲಸ ನಿಂತೇಹೋಯಿತು. ಅರಸನು ಸಮೀಪಿಸಿದಾಗ ಸೇವಕರು ಸಿಳ್ಳೆಯಿಂದ ಸೂಚನೆ ಕೊಟ್ಟು ಮುಂದಿನ ಕಾರಂಜಿಯನ್ನು ತೆರೆಯುವುದು ರೂಢಿಯಾಗಿತ್ತು. ನಿಂತು ನೋಡಬೇಕೆಂದು ಅರಸನು ವಿಧಿಸಿದ ಸ್ಥಳಗಳಲ್ಲಿ ಲಾತೋನಳ ಕಾರಂಜಿಯೂ ಒಂದು. ಬಾಯಾರಿದ ದೇವಿಗೆ ನೀರು ಕೊಡದ ರೈತರು ಶಾಪದಿಂದ ಕಪ್ಪೆಗಳಾದ ಕಥೆ ಅಲ್ಲಿ ಮೂರ್ತಿಗೊಂಡಿದೆ. ನೀರಿಗಾಗಿ ಪ್ರಜೆಗಳ ಪ್ರಾಣವನ್ನು ವ್ಯಯಿಸಿದ ದೊರೆಯ ತೋಟದಲ್ಲಿ ಈ ಕಥೆ ತಾನಾಗಿಯೇ ತಿರುಗುಮುರುಗಾಗುತ್ತದೆ.

ಕನ್ನಡನಾಡಿಗೂ ಈ ಅರಮನೆಗೂ ಒಂದು ನಿಜವಾದ ನಂಟುಂಟು. ಇಂಗ್ಲಿಷರ ವಿರುದ್ಧ ನೆರವು ಕೋರಿ ಟಿಪ್ಪು ಸುಲ್ತಾನನು ಕಳುಹಿದ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿ 1788ರ ಆಗಸ್ಟ್ 10ರಂದು ಇಲ್ಲಿಯೇ ವೈಭವದಿಂದ ಬರಮಾಡಿಕೊಂಡನು. ಮರ್ಯಾದೆ ದೊರೆಯಿತು, ಮೈತ್ರಿ ದೊರೆಯಲಿಲ್ಲ. ಮರುವರ್ಷದ ಅಕ್ಟೋಬರ್ 5ರಂದು ರೊಟ್ಟಿ ಕೇಳುತ್ತ ಪ್ಯಾರಿಸ್ಸಿನ ಹೆಂಗಸರು ಅದೇ ಅರಮನೆಗೆ ನಡೆದು ಬಂದರು. ಮರುದಿನವೇ ಅರಸನು ವರ್ಸೇಲ್ಸನ್ನು ಬಿಟ್ಟು ಹೊರಡಬೇಕಾಯಿತು. ಅವರು ಬಂದ ದಾರಿಯನ್ನು ಯಾವ ಅರಸನೂ ಬರೆದಿರಲಿಲ್ಲ.

ಹೀಗೆಂದು ಉದ್ಯಾನವನ್ನು ಹಳಿಯುವುದು ನ್ಯಾಯವಲ್ಲ. ಮರದ ಗೋಡೆಗಳ ಮರೆಯ ಕುಂಜಗಳೂ, ಒಂದೂವರೆ ಕಿಲೋಮೀಟರಿಗೂ ಉದ್ದವಾದ ಕಾಲುವೆಯ ಮೇಲಿನ ಸಂಜೆಯ ಬೆಳಕೂ ಅರಸನ ಅಪ್ಪಣೆಯನ್ನು ಮೀರಿದ ಚೆಲುವು. ಒಂದು ದಿನದ ಪ್ರವಾಸಿಯಾದರೂ ಅರಸನ ದಾರಿಯಲ್ಲಿಯೇ ನಡೆಯಲಿ; ಲಾತೋನಳ ಮುಂದೆ ಮಾತ್ರ ಅರಸನು ವಿಧಿಸಿದುದಕ್ಕಿಂತ ತುಸು ಹೆಚ್ಚು ಹೊತ್ತು ನಿಲ್ಲಲಿ.