ಬಾಗಿಲ ಪಕ್ಕದ ಟೆನರ್

ಪುಚ್ಚೀನಿಯ ‘ಲಾ ಬೊಹೆಮ್’ ಒಪೆರಾದ ಎರಡನೇ ಅಂಕದಲ್ಲಿ ಪಾರ್ಪಿನ್ಯೋಲ್ ಎಂಬ ಆಟಿಕೆ ಮಾರುವವನು ಬರುತ್ತಾನೆ. ಕ್ರಿಸ್‌ಮಸ್ ಹಿಂದಿನ ಸಂಜೆ, ಪ್ಯಾರಿಸ್ಸಿನ ಬೀದಿ, ಸುತ್ತ ಮಕ್ಕಳ ಗದ್ದಲ. ತನ್ನ ಸರಕನ್ನು ಕೂಗಿಕೊಂಡು ಹೋದರೆ ಅವನ ಕೆಲಸ ಮುಗಿಯಿತು. 1953ರಲ್ಲಿ ಜೇಮ್ಸ್ ಮೆಕ್ರಾಕೆನ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ (ಚಿಕ್ಕದಾಗಿ ಮೆಟ್) ರಂಗಕ್ಕೆ ಮೊದಲು ಕಾಲಿಟ್ಟದ್ದು ಈ ಪಾತ್ರದಲ್ಲಿ. ಹತ್ತು ವರ್ಷ ತುಂಬುವ ಮೊದಲೇ, 1963ರ ಮಾರ್ಚ್‌ನಲ್ಲಿ, ಅದೇ ರಂಗದ ಮೇಲೆ ಅವರು ವೆರ್ಡಿಯ ಒಥೆಲೊ ಆಗಿ ನಿಂತರು. ವಾದ್ಯವೃಂದದ ಮುಂದೆ ಸರ್ ಜಾರ್ಜ್ ಶೋಲ್ಟಿ. ಇಟಲಿಯ ಒಪೆರಾಗಳಲ್ಲಿ ಟೆನರ್‌ಗೆ, ಎಂದರೆ ಎತ್ತರದ ಪುರುಷ ಕಂಠಕ್ಕೆ, ಇದಕ್ಕಿಂತ ಭಾರದ ಪಾತ್ರ ಇನ್ನೊಂದಿದೆ ಎಂದು ನನಗನ್ನಿಸುವುದಿಲ್ಲ. ನಡುವಿನ ಆ ವರ್ಷಗಳೆಲ್ಲ ನ್ಯೂಯಾರ್ಕಿನಲ್ಲೇ ಕಳೆದಿದ್ದರೆ ಈ ಒಥೆಲೊ ಹುಟ್ಟುತ್ತಲೇ ಇರಲಿಲ್ಲ.

ಮೆಕ್ರಾಕೆನ್ ಹುಟ್ಟಿದ್ದು 1926ರಲ್ಲಿ, ಉಕ್ಕಿನ ಕುಲುಮೆಗಳ ಊರಾದ ಇಂಡಿಯಾನಾದ ಗ್ಯಾರಿಯಲ್ಲಿ. ಯುದ್ಧಕಾಲದಲ್ಲಿ ನೌಕಾಪಡೆ, ಆಮೇಲೆ ನ್ಯೂಯಾರ್ಕಿನಲ್ಲಿ ಓದು, ಹೊಟ್ಟೆಪಾಡಿಗೆ ಸಿಕ್ಕಲ್ಲಿ ಗಾಯನ. ಮೆಟ್ ಕೊಟ್ಟ ನೌಕರಿ ಕಡಿಮೆಯದೇನಲ್ಲ: ಹೆಸರಾಂತ ಸಂಸ್ಥೆ, ತಪ್ಪದ ಸಂಬಳ. ಆದರೆ ಬಾಗಿಲು ತೆರೆದು ಬಂದು ಒಂದು ಸುದ್ದಿ ಹೇಳಿ ಹೋಗುವಂಥ ಪಾತ್ರಗಳೇ ಪಾಲಿಗೆ ಬರುತ್ತಿದ್ದವು. ದೊಡ್ಡ ಪಾತ್ರಗಳಿಗೆ ಮಾರಿಯೊ ಡೆಲ್ ಮೊನಾಕೊ, ರಿಚರ್ಡ್ ಟಕರ್ ಅಂಥವರಿದ್ದರು. ಸಣ್ಣ ಪಾತ್ರವನ್ನು ಚೆನ್ನಾಗಿ ಮಾಡಿದವನಿಗೆ ಮತ್ತೊಂದು ಸಣ್ಣ ಪಾತ್ರವೇ ಬಹುಮಾನ. 1957ರಲ್ಲಿ ಮೆಕ್ರಾಕೆನ್ ಮತ್ತು ಪತ್ನಿ ಸಾಂಡ್ರಾ ವಾರ್ಫೀಲ್ಡ್ (ಅವರೂ ಅದೇ ಮೆಟ್‌ನ ಮೆಝೊ ಗಾಯಕಿ) ಗಂಟುಮೂಟೆ ಕಟ್ಟಿ ಯುರೋಪಿಗೆ ಹೊರಟುಬಿಟ್ಟರು.

ಆ ತಲೆಮಾರಿನ ಅಮೆರಿಕನ್ ಗಾಯಕರು ಹೀಗೆ ಹೊರಟದ್ದಕ್ಕೆ ಗಟ್ಟಿ ಕಾರಣವಿತ್ತು. ಜರ್ಮನಿಯಲ್ಲಿ ಮಧ್ಯಮ ಗಾತ್ರದ ಊರಿಗೂ ಸ್ವಂತ ಒಪೆರಾ ಮಂದಿರ ಇರುತ್ತದೆ. ಅದು ನಡೆಯುವುದು ಸಾರ್ವಜನಿಕ ಹಣದಲ್ಲಿ. ಗಾಯಕರನ್ನು ಇಡೀ ಹಂಗಾಮಿಗೆ ತಿಂಗಳ ಸಂಬಳದ ಮೇಲೆ ಇಟ್ಟುಕೊಳ್ಳುತ್ತಾರೆ. ಇವತ್ತು ಬೇಥೊವನ್, ನಾಳಿದ್ದು ವೆರ್ಡಿ, ಮುಂದಿನ ವಾರ ಬಿಜೆ. ಮೈಕಿಲ್ಲದೆ, ತುಂಬಿದ ವಾದ್ಯವೃಂದದ ಮೇಲೆ ದನಿ ತೇಲಿಸುವ ವಿದ್ಯೆ ಗುರುವಿನ ಕೋಣೆಯಲ್ಲಿ ಪೂರ್ತಿ ಬರುವುದಿಲ್ಲ. ಜನರ ಎದುರು ಮತ್ತೆ ಮತ್ತೆ ಹಾಡಿಯೇ ಬರಬೇಕು. ಮೊದಲ ಅಂಕದಲ್ಲಿ ಎಷ್ಟು ಖರ್ಚು ಮಾಡಿದರೆ ನಾಲ್ಕನೆಯದಕ್ಕೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವೂ ಹಾಗೆಯೇ. ಮೆಕ್ರಾಕೆನ್‌ಗೆ ಈ ಪಾಠ ಬಾನ್‌ನಲ್ಲಿ ಶುರುವಾಗಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೈಗೂಡಿತು. ಮೆಟ್ ಅವರನ್ನು ವಾಪಸ್ ಕರೆದದ್ದು ಆಮೇಲೆ.

ಆ ಒಥೆಲೊ ಹೇಗಿತ್ತೆಂದು ತಿಳಿಯಲು ಲಂಡನ್ನಿನ ಧ್ವನಿಮುದ್ರಣವಿದೆ: 1968, ಸರ್ ಜಾನ್ ಬಾರ್ಬಿರೊಲಿ ನಿರ್ದೇಶನ, ಡೆಸ್ಡಿಮೋನಾ ಆಗಿ ಗ್ವಿನೆತ್ ಜೋನ್ಸ್. ಎಲ್ಲರೂ ಮೊದಲ ಪ್ರವೇಶದ ಬಗ್ಗೆ ಹೇಳುತ್ತಾರೆ. ಬಿರುಗಾಳಿ, ಪೂರ್ಣ ಮೇಳ, ಅದರ ನಡುವೆ ಒಥೆಲೊ ದಡ ಹತ್ತಿ ವಿಜಯ ಸಾರಿ ಒಳಗೆ ಹೋಗುತ್ತಾನೆ. ಕಂಠ ಕಾಯಿಸಿಕೊಳ್ಳಲು ಒಂದು ಸಾಲಿನ ಬಿಡುವೂ ಇಲ್ಲ. ನನಗೆ ಅದಕ್ಕಿಂತ ಮುಖ್ಯವಾದದ್ದು ಮೂರನೇ ಅಂಕದ ಏಕಾಂತ ಗಾಯನ. ಒಥೆಲೊ ಹೆಂಡತಿ ಡೆಸ್ಡಿಮೋನಾಳನ್ನು ಅವಮಾನಿಸಿ ಹೊರಗಟ್ಟಿ ಒಬ್ಬನೇ ಉಳಿದಿದ್ದಾನೆ. ವೆರ್ಡಿ ಇಲ್ಲಿ ಅತಿ ಮೆಲ್ಲಗೆ, ಉಸಿರುಗಟ್ಟಿದ ದನಿಯಲ್ಲಿ ಹಾಡಬೇಕೆಂದು ಬರೆದಿದ್ದಾರೆ. ಶುರುವಿನ ಸಾಲುಗಳು ಬಹುಪಾಲು ಒಂದೇ ಸ್ವರದ ಮೇಲೆ ನಿಲ್ಲುತ್ತವೆ, ಆಗಾಗ ಕೆಳಗಿಳಿಯುತ್ತವೆ. ಕೆಳಗೆ ತಂತಿವಾದ್ಯಗಳು ಒಂದೇ ತುಣುಕನ್ನು ಮತ್ತೆ ಮತ್ತೆ ಇಳಿಸುತ್ತಿರುತ್ತವೆ. ಎಷ್ಟೋ ಟೆನರ್‌ಗಳು ಈ ಜಾಗದಲ್ಲಿ ಬಿಕ್ಕಿ, ನರಳಿ, ಸ್ವರ ಬಿಟ್ಟು ಮಾತಿಗೆ ಜಾರುತ್ತಾರೆ. ಇಷ್ಟು ಕುಗ್ಗಿದ ದನಿ ಹಾಡಾಗಿಯೇ ಉಳಿಯಬೇಕು, ಕೆಲವೇ ನಿಮಿಷಗಳಲ್ಲಿ ತಾರಸ್ಥಾಯಿಯ ಬಿ-ಫ್ಲಾಟ್‌ಗೆ ಹಾರಲೂ ಬೇಕು. ಆ ಎರಡು ತುದಿಗಳನ್ನು ಮೆಕ್ರಾಕೆನ್ ಒಂದೇ ಮನುಷ್ಯನ ಗಂಟಲಿನಲ್ಲಿ ಕೂಡಿಸುತ್ತಾರೆ. ಅವರ ನಾದ ಬಿಗಿ, ಗಂಟಲೊಳಗೆ ಸಿಕ್ಕಿಕೊಂಡಂತಿದೆ ಎಂಬ ದೂರು ಹಳೆಯದು. ನಿಜ, ಇಟಲಿಯ ಕಂಠಗಳ ಹೊಳಪು ಅದರಲ್ಲಿಲ್ಲ. ಈ ಪಾತ್ರಕ್ಕೆ ಆ ಬಿಗಿತವೇ ಒಪ್ಪುತ್ತದೆ ಎಂದು ನಾನು ನಂಬುತ್ತೇನೆ.

(ಆ ಕಾಲದ ಚಿತ್ರಗಳಲ್ಲಿ ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡ ಮೆಕ್ರಾಕೆನ್ ಕಾಣುತ್ತಾರೆ. ಅದನ್ನು ನೋಡುವುದು ಹಿತವಲ್ಲ. ಒಥೆಲೊಗೆ ಹಾಗೆ ಬಣ್ಣ ಬಳಿಯುವುದನ್ನು ಮೆಟ್ 2015ರಲ್ಲಿ ಕೈಬಿಟ್ಟಿತು.)

ಬಿಜೆಯ ‘ಕಾರ್ಮೆನ್’ನ 1972ರ ಧ್ವನಿಮುದ್ರಣ ಇನ್ನೊಂದು ಬಗೆಯ ಧೈರ್ಯ. ಲಿಯೊನಾರ್ಡ್ ಬರ್ನ್‌ಸ್ಟೈನ್ ನಿರ್ದೇಶನ, ಕಾರ್ಮೆನ್ ಆಗಿ ಮೆರಿಲಿನ್ ಹಾರ್ನ್. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಬಂತು. ಜೈಲಿನಲ್ಲಿ ಜೋಪಾನವಾಗಿಟ್ಟುಕೊಂಡಿದ್ದ ಹೂವನ್ನು ಸೈನಿಕ ಡಾನ್ ಹೋಸೆ (ಮೆಕ್ರಾಕೆನ್ ಪಾತ್ರ) ಕಾರ್ಮೆನ್‌ಗೆ ತೋರಿಸಿ ಹಾಡುವ ಹಾಡಿನ ಕೊನೆಯಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಬಿ-ಫ್ಲಾಟ್‌ಗೆ ಏರಬೇಕು. ಬಿಜೆ ಅದನ್ನು ಬರೆದಿರುವುದು ತೀರಾ ಮೆಲ್ಲಗೆ. ಅಲ್ಲಿ ಗಟ್ಟಿಯಾಗಿ ಹಾಡಿದರೆ ಚಪ್ಪಾಳೆ ಖಾತ್ರಿ, ಹೆಚ್ಚಿನವರು ಹಾಡುವುದೂ ಹಾಗೆಯೇ. ಒಥೆಲೊಗೆ ಹೆಸರಾದ ಈ ದೊಡ್ಡ ಕಂಠ ಅಲ್ಲಿ, ನಮ್ಮ ಸಂಗೀತಗಾರರು ಕಳ್ಳದನಿ ಎನ್ನುವಂಥ ತೆಳು ನಾದದಲ್ಲಿ, ಬರೆದದ್ದನ್ನು ಬರೆದಂತೆ ಹಾಡುತ್ತದೆ. ಅದನ್ನು ಒಪ್ಪದ ವಿಮರ್ಶಕರಿದ್ದಾರೆ. ನಾನು ಬಿಜೆಯ ಪಕ್ಷ. ಹೋಸೆ ಆ ಹೊತ್ತಿನಲ್ಲಿ ಸೋತು ಶರಣಾದವನು, ಅವನು ಅಬ್ಬರಿಸುವುದು ಹೇಗೆ?

ಮೆಟ್‌ನೊಡನೆ ಎರಡನೇ ಸಲವೂ ಮುರಿಯಿತು. 1970ರ ದಶಕದ ಕೊನೆಗೆ ಅಮೆರಿಕದ ಮನೆಮನೆಗೆ ಮೆಟ್‌ನ ಪ್ರದರ್ಶನಗಳು ಟಿವಿಯಲ್ಲಿ ಬರತೊಡಗಿದ್ದವು. ತಮ್ಮ ಯಾವ ಪ್ರದರ್ಶನಕ್ಕೂ ಆ ಅವಕಾಶ ಸಿಗಲಿಲ್ಲವೆಂದು ಮೆಕ್ರಾಕೆನ್ 1978ರಲ್ಲಿ ಹೊರನಡೆದರು. ಹಟ ಎಂದವರುಂಟು. ಎರಡು ಸಾಲಿನ ಪಾತ್ರಗಳಲ್ಲಿ ವರ್ಷಗಟ್ಟಲೆ ಬಾಗಿಲ ಪಕ್ಕ ನಿಂತವನಿಗೆ ತನ್ನನ್ನು ಯಾರು ನೋಡುತ್ತಾರೆ, ಯಾರು ನೋಡುವುದಿಲ್ಲ ಎಂಬುದು ಸಣ್ಣ ಮಾತಲ್ಲ. 1983ರಲ್ಲಿ ಸಂಸ್ಥೆಯ ಶತಮಾನೋತ್ಸವದ ಕಛೇರಿಗೆ ಅವರು ಮರಳಿದರು.

ಅವರ ಪೂರ್ತಿ ಒಪೆರಾವೊಂದಕ್ಕೆ ಟಿವಿ ಕ್ಯಾಮೆರಾ ಕಡೆಗೂ ಬಂದದ್ದು 1985ರ ಜನವರಿ 3ರಂದು, ವೆರ್ಡಿಯ ‘ಐಡಾ’ದ ನೇರ ಪ್ರಸಾರದಲ್ಲಿ. ಆ ರಾತ್ರಿ ಐಡಾ ಪಾತ್ರದ ಗಾಯಕಿ ಲಿಯೊಂಟಿನ್ ಪ್ರೈಸ್ ಒಪೆರಾ ರಂಗಕ್ಕೆ ವಿದಾಯ ಹೇಳುತ್ತಿದ್ದರು. ಮೂರನೇ ಅಂಕದ ಅವರ ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲು ನಿಮಿಷಗಳೇ ಬೇಕಾದವು. ಅದಾದ ಮೇಲೆ, ಆ ಅಂಕ ನಡೆಯುವ ನೈಲ್ ದಂಡೆಗೆ ಸೇನಾಪತಿ ರಡಮೆಸ್ ಬರಬೇಕು, ಪ್ರೇಮಕ್ಕಾಗಿ ನಾಡಿನ ಗುಟ್ಟು ಬಿಟ್ಟುಕೊಟ್ಟು ಸಿಕ್ಕಿಬೀಳಬೇಕು. ಆ ಅಂಕದ ಕಡೆಯ ಮಾತು ಅವನದೇ: ಓಡಿಹೋಗದೆ ಅಲ್ಲೇ ನಿಂತು, ಅರ್ಚಕನ ಮುಂದೆ ಕತ್ತಿ ಒಪ್ಪಿಸಿ, ಎತ್ತರದ ಸ್ವರದಲ್ಲಿ ತಾನು ಸೆರೆಯಾದೆನೆಂದು ಸಾರುತ್ತಾನೆ. ರಡಮೆಸ್ ಆಗಿದ್ದ ಮೆಕ್ರಾಕೆನ್‌ಗೆ ಆಗ ಐವತ್ತೆಂಟು. ಅದಾಗಿ ಮೂರು ವರ್ಷಕ್ಕೆ, 1988ರ ಏಪ್ರಿಲ್‌ನಲ್ಲಿ, ತೀರಿಕೊಂಡರು. ಪ್ರೈಸ್‌ಗಾಗಿ ಆ ‘ಐಡಾ’ ನೋಡುವವರು ದಯವಿಟ್ಟು ಮೂರನೇ ಅಂಕವನ್ನು ಕೊನೆತನಕ ನೋಡಿ.